ಮೂಕಿ ಚಿತ್ರದಲ್ಲಿ ನಟಿಸಿದ್ದ ಕಮಲಾದೇವಿ

ಅಂಚೆಟ್ಟಿ: ಕೈಮಗ್ಗ, ಕರಕುಶಲ ಕಲೆ ಎಂದಾಗ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ನೆನಪಾಗುತ್ತದೆ. ಆದರೆ ಅವರು ಮೂಕಿ ಚಿತ್ರವೊಂದರಲ್ಲಿ ನಟಿಸಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು, ಅಂಚೆಟ್ಟಿ ಭಾಗದಂತೆ ಮಂಗಳೂರೂ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿ ಮಗಳೊಡನೆ ಬರಿಗೈಯಲ್ಲಿ ನಿಂತರು.

ಕಮಲಾದೇವಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು, ಸ್ವಲ್ಪ ಕಾಲದಲ್ಲೇ ವೈಧವ್ಯವೂ ಬಂತು. ಅವರು ಮೂಲೆ ಸೇರಲಿಲ್ಲ. ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದಿದರು. ಜನರ ಟೀಕೆಯ ನಡುವೆಯೇ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾಗಿ ನಾಟಕರಂಗಕ್ಕೂ ಇಳಿದರು. ಮುಂದೆ ಇಬ್ಬರೂ ಬೇರೆಯಾದರು.

1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು. 1929ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಸಮಾವೇಶಕ್ಕೆ ಹೋಗಿ ಬಂದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿ, ತಾವೂ ಜೈಲು ಸೇರಿದರು.

1931ರಲ್ಲಿ ಬಂದ ಮೂಕಿ ಚಿತ್ರ 'ವಸಂತಸೇನಾ'. ಶೂದ್ರಕನ ಮೃಚ್ಛಕಟಿಕ ನಾಟಕದ ಕಥೆ ಅದು. ಗಣಿಕೆ ವಸಂತಸೇನೆ ಬಡವ ಚಾರುದತ್ತನಿಗೆ ಒಲಿಯುತ್ತಾಳೆ. ರಾಜನ ಭಾವಮೈದುನ ಅವಳ ಕೊಲೆಗೇ ಕೈ ಹಾಕುತ್ತಾನೆ. ಮೋಹನ್ ಭವನಾನಿ ನಿರ್ದೇಶಿಸಿದ ಈ ಚಿತ್ರದಲ್ಲಿ ಟಿ.ಪಿ. ಕೈಲಾಸಂ ಇದ್ದರು. ಜರ್ಮನಿಯ ಫ್ರಾಂಜ್ ಓಸ್ಟೆನ್ ನಿರ್ದೇಶನದ 'ಶಿರಾಜ್' (1928) ಚಿತ್ರದಲ್ಲಿ ನಟಿಸಿದ್ದ ಏಣಾಕ್ಷಿ ರಾಮರಾವ್ ಇದ್ದರು. ಜತೆಗೆ ಕಮಲಾದೇವಿ. ಮರ್ಯಾದಸ್ಥರ ಮನೆಯ ಹೆಣ್ಣು ಬಣ್ಣ ಹಚ್ಚುವುದೇ ಅವಮಾನ ಎನ್ನುತ್ತಿದ್ದ ಕಾಲವದು. ಅದೇ ವರ್ಷ ಮೊದಲ ಟಾಕಿ 'ಆಲಂ ಆರಾ' ಬಂದು ಜನ ಮಾತಿನ ಚಿತ್ರಗಳತ್ತ ತಿರುಗಿದರು. ಇಂದು 'ವಸಂತಸೇನಾ' ನೆನೆಯುವವರು ವಿರಳ.

ದೇಶ ವಿಭಜನೆಯ ನಂತರ ಕಮಲಾದೇವಿ ಫರಿದಾಬಾದ್‌ನಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟಿಕೊಡಲು ದುಡಿದರು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ನೇಕಾರರು, ಕುಂಬಾರರ ಬದುಕಿಗೆ ಆಸರೆಯಾದರು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ತಾಯಿಗೆ ಸಿಗದೆ ಹೋದ ಆಸ್ತಿ ಹಕ್ಕನ್ನು ವಿಧವೆಯರಿಗೆ ಪೂರ್ಣವಾಗಿ ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಅದಕ್ಕಾಗಿ ಒತ್ತಾಯಿಸಿದ ಸಂಘಟನೆಗಳಲ್ಲಿ ಕಮಲಾದೇವಿ ಕಟ್ಟಿ ಬೆಳೆಸಿದ ಮಹಿಳಾ ಸಮ್ಮೇಳನವೂ ಇತ್ತು.