ವಿಲಿಯಮ್ ಕೇರಿಯವರ ಓದೂ ಬಾಳೂ

ದಿನವೆಲ್ಲಾ ಗೇಯ್ದು ಸಂಜೆಗೆ ಮನೆ ಸೇರುವವನಿಗೆ ಪುಸ್ತಕ ಹಿಡಿಯಲು ಹೊತ್ತೆಲ್ಲಿಯದು, ಹಿಡಿದರೂ ಅದರಿಂದ ಬರುವ ಲಾಭವೇನು ಎಂದು ನಮ್ಮ ಹಳ್ಳಿಯ ಸಭೆಗಳಲ್ಲಿ ಕೇಳುವವರು ಅನೇಕರಿದ್ದಾರೆ. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಓದು ಬಲ್ಲವರೆಲ್ಲರೂ ದೇವರಿಗೂ ನೆರೆಯವರಿಗೂ ಪ್ರಯೋಜನವಾಗಿ ಬಾಳಿದ್ದನ್ನು ನಾವು ಕಂಡಿಲ್ಲ. ಓದಿ ಗರ್ವಿಗಳಾದವರನ್ನು ಮಾತ್ರ ಕಂಡಿದ್ದೇವೆ. ಆದಕಾರಣ ಪ್ರಿಯ ವಾಚಕರೇ, ಜೋಡು ಹೊಲಿಯುವ ಮಣೆಯ ಪಕ್ಕದಲ್ಲಿ ಪುಸ್ತಕವನ್ನಿಟ್ಟುಕೊಂಡು ಓದಿದ ಒಬ್ಬ ಬಡವನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ವಿಲಿಯಮ್ ಕೇರಿಯು 1761ನೇ ಇಸವಿ ಆಗಸ್ಟ್ 17ರಲ್ಲಿ ಇಂಗ್ಲೆಂಡ್ ದೇಶದ ನಾರ್ತಾಂಪ್ಟನ್ ಸೀಮೆಗೆ ಸೇರಿದ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ನೇಕಾರನು; ಬಳಿಕ ಅದೇ ಹಳ್ಳಿಯ ಮಕ್ಕಳಿಗೆ ಉಪಾಧ್ಯಾಯನಾದನು. ಆದುದರಿಂದ ಬಡತನವಿದ್ದರೂ ಆ ಮನೆಯಲ್ಲಿ ಅಕ್ಷರಕ್ಕೆ ಬಡತನವಿರಲಿಲ್ಲ. ಹುಡುಗನು ಹುಳುಗಳನ್ನೂ ಗಿಡಗಳನ್ನೂ ತಂದು ತನ್ನ ಕೋಣೆಯಲ್ಲಿ ತುಂಬುವನು. ಸಮುದ್ರಯಾನದ ಕಥೆಗಳು ಸಿಕ್ಕಿದರೆ ಊಟವನ್ನೂ ಮರೆಯುವನು. ಕೊಲಂಬಸನ ಸುದ್ದಿಯನ್ನೇ ಹೇಳುತ್ತಿದ್ದುದರಿಂದ ಜೊತೆಯ ಹುಡುಗರು ಅವನಿಗೆ ಆ ಹೆಸರನ್ನೇ ಇಟ್ಟಿದ್ದರು. ನಮ್ಮವರು ಯಾತ್ರಿಕನ ಸಂಚಾರವೆಂದು ಓದುವ ಬನ್ಯನನ ಪುಸ್ತಕವನ್ನೂ ಅವನು ಆತುರದಿಂದ ಓದಿ ಮುಗಿಸಿದನು. ಆದರೆ ಆ ಓದಿನಿಂದ ತನ್ನ ಆತ್ಮಕ್ಕೆ ಏನೂ ಪ್ರಯೋಜನವಾಗಲಿಲ್ಲವೆಂದು ತಾನೇ ಮುಂದೆ ಒಪ್ಪಿಕೊಂಡನು. ಕಥೆಯು ಅವನಿಗೆ ರುಚಿಸಿತು. ಯಾತ್ರಿಕನ ಬೆನ್ನಿನ ಹೊರೆಯು ತನ್ನ ಬೆನ್ನಿನ ಮೇಲೆಯೂ ಇದೆಯೆಂಬುದು ತೋಚಲಿಲ್ಲ.

ಬಿಸಿಲು ತಗಲಿದರೆ ಅವನ ಚರ್ಮದ ಮೇಲೆ ವ್ಯಾಧಿಯೇಳುತ್ತಿದ್ದುದರಿಂದ ಹೊಲದ ಕೆಲಸವು ಅವನಿಗೆ ಆಗಲಿಲ್ಲ. ಹದಿನಾಲ್ಕರ ಪ್ರಾಯದಲ್ಲಿ ತಂದೆಯು ಅವನನ್ನು ಪಿಡ್ಡಿಂಗ್‌ಟನ್ ಎಂಬ ಹಳ್ಳಿಯಲ್ಲಿ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟನು. ಆ ಯಜಮಾನನ ಮನೆಯಲ್ಲಿ ಹೊಸ ಒಡಂಬಡಿಕೆಯ ವ್ಯಾಖ್ಯಾನವೊಂದಿತ್ತು. ಅದರೊಳಗೆ ಅಲ್ಲಲ್ಲಿ ತನಗೆ ತಿಳಿಯದ ಅಕ್ಷರಗಳನ್ನು ಕಂಡು, ಅವು ಗ್ರೀಕ್ ಭಾಷೆಯವೆಂದು ತಿಳಿದು, ಒಂದೊಂದನ್ನೂ ಇದ್ದ ಹಾಗೆಯೇ ಬರೆದುಕೊಂಡು, ಊರಿಗೆ ಹೋದಾಗ ಒಬ್ಬ ನೇಕಾರನ ಮುಂದೆ ಇಡುವನು. ಆ ನೇಕಾರನು ಹಿಂದೆ ಚೆನ್ನಾಗಿ ಕಲಿತಿದ್ದು, ಈಗ ದೆಸೆ ತಗ್ಗಿ ಮಗ್ಗದ ಮುಂದೆ ಕೂತಿದ್ದವನು. ಹೀಗೆ ಗ್ರೀಕ್ ಭಾಷೆಯ ಮೊದಲ ಪಾಠವು ಮಗ್ಗದವನಿಂದ ತೊಗಲಿನವನಿಗೆ ದೊರಕಿತು.

ಇಷ್ಟು ಓದಿದ್ದಾಗ್ಯೂ ಅವನು ಸುಳ್ಳನ್ನು ಬಿಟ್ಟಿರಲಿಲ್ಲ. ಒಂದು ಕ್ರಿಸ್ಮಸ್ ಹಬ್ಬದಲ್ಲಿ ಕಬ್ಬಿಣದ ವರ್ತಕನೊಬ್ಬನು ಇನಾಮಾಗಿ ಕೊಟ್ಟ ಶಿಲ್ಲಿಂಗು ಖೋಟಾ ನಾಣ್ಯವಾಗಿತ್ತು. ತಾನು ಯಜಮಾನನ ಪರವಾಗಿ ವಸೂಲು ಮಾಡಿದ್ದ ಹಣದಲ್ಲಿ ಅದನ್ನು ಸೇರಿಸಿ, ಒಳ್ಳೆಯ ಶಿಲ್ಲಿಂಗನ್ನು ತಾನಿಟ್ಟುಕೊಂಡನು. ಈ ಮೋಸವು ಬಯಲಾಗದ ಹಾಗೆ ನೋಡಿಕೊಂಡರೆ ಇನ್ನು ಮುಂದೆ ಪಾಪ ಮಾಡೆನೆಂದು ದಾರಿಯಲ್ಲಿ ದೇವರಿಗೇ ಪ್ರಾರ್ಥಿಸಿದನು! ದೇವರು ಆ ಪ್ರಾರ್ಥನೆಯನ್ನು ಕೇಳಲಿಲ್ಲ. ಯಜಮಾನನು ಬೇರೊಬ್ಬನನ್ನು ಕಳುಹಿಸಿ ವಿಚಾರಿಸಲಾಗಿ ಎಲ್ಲವೂ ಹೊರಬಿತ್ತು. ಹುಡುಗನು ನಾಚಿಕೆಯಿಂದ ಬಹುದಿನ ಬೀದಿಗೆ ಮುಖ ತೋರಿಸಲಾರದೆ ಹೋದನು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಜಾನ್ ವಾರ್ ಎಂಬವನು ಭಕ್ತನಾಗಿದ್ದನು. ವಾದದಲ್ಲಿ ವಿಲಿಯಮನೇ ಗೆಲ್ಲುತ್ತಿದ್ದರೂ, ಗೆದ್ದವನ ಮನಸ್ಸಿನಲ್ಲಿ ಸಮಾಧಾನವಿರಲಿಲ್ಲ, ಸೋತವನಲ್ಲಿ ಇತ್ತು. ಇಂಥ ತಗ್ಗಿನೊಳಗಿಂದ ಅವನು ರಕ್ಷಕನನ್ನು ಹುಡುಕಿ ಕಂಡುಕೊಂಡನು. 1783ರಲ್ಲಿ ನೀನ್ ಎಂಬ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಅವನ ಓದಿಗೆ ಒಂದು ಗುರಿ ಹುಟ್ಟಿದ್ದು ಆ ದಿನಗಳಲ್ಲಿಯೇ.

ಇಷ್ಟರೊಳಗೆ, 1781ರಲ್ಲಿ, ಡಾರತಿ ಪ್ಲಾಕೆಟ್ ಎಂಬಾಕೆಯೊಡನೆ ಅವನಿಗೆ ವಿವಾಹವಾಗಿತ್ತು. ಆಕೆಗೆ ಓದು ಬರಹ ಬಾರದು. ದೇವಾಲಯದ ಪುಸ್ತಕದಲ್ಲಿ ಹೆಸರು ಬರೆಯಬೇಕಾದಲ್ಲಿ ಒಂದು ಗೀಟಿನ ಗುರುತು ಹಾಕಿದಳು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದನ್ನು ಕುರಿತು ಹೇಳಬೇಕಾಗಿದೆ.

ಮೌಲ್ಟನ್ ಎಂಬ ಊರಿನಲ್ಲಿ ಕೇರಿಯವರು ಮಕ್ಕಳಿಗೆ ಪಾಠ ಹೇಳಿ, ಜೋಡು ಹೊಲಿದು, ಚಿಕ್ಕ ಸಭೆಗೆ ಬೋಧಕರೂ ಆಗಿ ಮೂರು ಕೆಲಸಗಳಿಂದ ಒಂದು ಸಂಸಾರವನ್ನು ನಡೆಸಿದರು. ಅಲ್ಲಿಯೇ ಕುಕ್ ಎಂಬ ನಾವಿಕನ ಯಾನಗಳ ಪುಸ್ತಕವು ಅವರ ಕೈಗೆ ಬಂತು. ಅದೇ ಪುಸ್ತಕವನ್ನು ಆ ಕಾಲದಲ್ಲಿ ಸಾವಿರಾರು ಜನರು ಓದಿ ದ್ವೀಪಗಳ ವಿಚಿತ್ರಗಳನ್ನು ಕಂಡು ಆಶ್ಚರ್ಯಪಟ್ಟರು. ಕೇರಿಯವರೂ ಆಶ್ಚರ್ಯಪಟ್ಟರು, ಆದರೆ ಈ ಜನರಿಗೆ ಸುವಾರ್ತೆಯನ್ನು ಮುಟ್ಟಿಸುವವರಾರೆಂಬ ಚಿಂತೆಯಿಂದ ಪುಸ್ತಕವನ್ನು ಮುಚ್ಚಿದರು. ಹಲವು ಕಾಗದಗಳನ್ನು ಅಂಟಿಸಿ ದೊಡ್ಡ ಭೂಪಟವನ್ನು ಮಾಡಿ, ಕೆಲಸದ ಮಣೆಯೆದುರಿನ ಗೋಡೆಗೆ ತಗುಲಿಸಿ, ಒಂದೊಂದು ದೇಶದ ಸ್ಥಳದಲ್ಲಿ ಅಲ್ಲಿಯ ಜನರೆಷ್ಟು, ಅವರ ಮತವೇನು ಎಂಬುದನ್ನು ಓದಿದ ಹಾಗೆಲ್ಲಾ ಬರೆದಿಟ್ಟರು. ಜೋಡಿನ ಅಟ್ಟೆಗೆ ದಾರ ಎಳೆಯುತ್ತಾ ಆ ಹೆಸರುಗಳನ್ನು ನೋಡುವರು, ಅವುಗಳಿಗೋಸ್ಕರ ಪ್ರಾರ್ಥಿಸುವರು.

ಲತೀನ್, ಗ್ರೀಕ್, ಇಬ್ರಿಯ, ಡಚ್ಚು, ಫ್ರೆಂಚು ಇಷ್ಟು ಭಾಷೆಗಳು ಹೀಗೆಯೇ ಅವರಿಗೆ ಬಂದವು. ಅವರಿಗೆ ಅದ್ಭುತವಾದ ಬುದ್ಧಿಯಿತ್ತೆಂದು ಬರೆಯುವವರಿದ್ದಾರೆ. ತಾವು ಒಂದೇ ಸಮನೆ ಕಾಲೆಳೆದುಕೊಂಡಾದರೂ ಮುಂದೆ ನಡೆಯಬಲ್ಲವರು ಮಾತ್ರ ಎಂದು ಅವರ ಎಣಿಕೆ. ನಮಗೂ ಅದೇ ಸತ್ಯವೆಂದು ತೋರುತ್ತದೆ, ಮತ್ತು ಅದು ಹೆಚ್ಚು ಧೈರ್ಯ ಕೊಡುವ ಮಾತು. ಕೆಟರಿಂಗ್ ಪಟ್ಟಣದ ಗಾಚ್ ಎಂಬ ವರ್ತಕನು ಅವರಿಂದ ಜೋಡುಗಳನ್ನು ಕೊಂಡುಕೊಳ್ಳುತ್ತಿದ್ದವನು, ಇನ್ನು ಜೋಡು ಹೊಲಿಯುವುದು ಬೇಡ, ಓದಿರಿ ಎಂದು ಹೇಳಿ ವಾರಕ್ಕೆ 10 ಶಿಲ್ಲಿಂಗುಗಳನ್ನು ಕೊಡಲು ಒಪ್ಪಿದನು. ಆ ವರ್ತಕನು ಹೆಚ್ಚು ಪುಸ್ತಕ ಓದಿದ್ದನೋ ಇಲ್ಲವೋ, ಮನುಷ್ಯನನ್ನು ಓದಬಲ್ಲವನಾಗಿದ್ದನು.

1792ರಲ್ಲಿ ಕೇರಿಯವರು 87 ಪುಟಗಳ ಸಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ಗೋಡೆಯ ಭೂಪಟದಲ್ಲಿದ್ದ ಲೆಕ್ಕವೆಲ್ಲಾ ಅದರಲ್ಲಿ ಬಂತು. ಲೋಕದ ಜನರು 73 ಕೋಟಿ 10 ಲಕ್ಷವೆಂದು ಎಣಿಸಿ, ಅನ್ಯರಿಗೆ ಸುವಾರ್ತೆ ಸಾರುವುದು ಅಪೊಸ್ತಲರಿಗೆ ಮಾತ್ರ ಸೇರಿದ ಕೆಲಸವಲ್ಲವೆಂದು ಅವರು ಸಾಧಿಸಿದರು. ಅದೇ ವರುಷ ಮೇ ತಿಂಗಳಲ್ಲಿ ಯೆಶಾಯನ 54ನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವು ಬಡ ಬೋಧಕರು ಕೂಡಿ, 13 ಪೌಂಡು, 2 ಶಿಲ್ಲಿಂಗು, 6 ಪೆನ್ಸು ಕೊಡುವುದಾಗಿ ಬರೆದುಕೊಟ್ಟು ಒಂದು ಮಿಶನನ್ನು ಆರಂಭಿಸಿದರು. ಮರುವರುಷ ನವೆಂಬರ್ 11ರಂದು ಕೇರಿಯವರು ಹೆಂಡತಿ ಮಕ್ಕಳೊಡನೆ ಕಲ್ಕತ್ತೆಗೆ ಬಂದಿಳಿದರು. ಆ ಮೇಲೆ ಸ್ವದೇಶವನ್ನು ಕಾಣಲೇ ಇಲ್ಲ.

ಡಾರತಿಯಮ್ಮನವರು ಹಿಂದೂದೇಶಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ಕೊನೆಗೆ ತಂಗಿಯು ಜೊತೆಗೆ ಬರುವುದಾದರೆ ಬರುವೆನೆಂದು ಹೊರಟುಬಂದರು. ಬಂಗಾಳದ ಒಳನಾಡಿನ ಮದನಾವತಿಯಲ್ಲಿ ಕೇರಿಯವರು ನೀಲಿಯ ಕಾರ್ಖಾನೆಯ ಮೇಲ್ವಿಚಾರಣೆಯಿಂದ ಜೀವನ ನಡೆಸುತ್ತಿದ್ದಾಗ, 1794ರಲ್ಲಿ, ಐದು ವರುಷದ ಮಗ ಪೀಟರನು ಆಮಶಂಕೆಯಿಂದ ತೀರಿಕೊಂಡನು. ಜಾತಿಯ ಭಯದಿಂದ ಹೂಳಲು ಜನರೇ ಒದಗಲಿಲ್ಲ. ಬಹಳ ಬೇಡಿಕೊಂಡ ಮೇಲೆ ಮುಸಲ್ಮಾನರು ಕೆಲವರು ಗುಂಡಿಯನ್ನು ತೋಡಿದರು. ಆ ದುಃಖದೊಳಗೆ ತಾಯಿಯ ಬುದ್ಧಿಯು ಕದಡಿತು. 1807ರಲ್ಲಿ ಸಾಯುವ ತನಕ ಸರಿಹೋಗಲಿಲ್ಲ. ಒಂದು ಕೋಣೆಯಲ್ಲಿ ಆಕೆಯ ಕೂಗು, ಪಕ್ಕದ ಕೋಣೆಯಲ್ಲಿ ಸತ್ಯವೇದದ ಭಾಷಾಂತರ, ಹೀಗೆ ವರುಷಗಳು ಸಂದವು. ಕೇರಿಯವರ ಚರಿತ್ರೆಯನ್ನು ಬರೆಯುವವರು ಆಕೆಯನ್ನು ಎರಡು ಸಾಲುಗಳಲ್ಲಿ ದಾಟಿಹೋಗುವುದುಂಟು. ಅದು ನ್ಯಾಯವಲ್ಲ. ಗಂಡನು ಗೋಡೆಯ ಮೇಲೆ ಲೋಕವನ್ನೆಲ್ಲಾ ಓದಿದನು. ಅದೇ ಗೋಡೆಯೊಳಗೆ ಬಾಳಿದ ಹೆಂಡತಿಗೆ ಆ ಭೂಪಟವು ಯಾವ ದಾರಿಯನ್ನು ತೋರಿಸಿತು? ಆಕೆಯು ತೆತ್ತ ಬೆಲೆಯೂ ಈ ಕೆಲಸದ ಬೆಲೆಯಲ್ಲಿ ಸೇರಿದೆ. ಹುಡುಗರು ಸಹ ತಂದೆಯ ಕಣ್ಣು ಪುಸ್ತಕದ ಮೇಲಿದ್ದಾಗ ಅಂಕೆ ತಪ್ಪಿ ಬೆಳೆದರು. ಅವರನ್ನು ದಾರಿಗೆ ತಂದವರು ಜೊತೆ ಮಿಶನೆರಿಗಳಾದ ವಾರ್ಡ್ ದೊರೆಗಳೂ ಮಾರ್ಷ್‌ಮನ್ ದಂಪತಿಗಳೂ.

1800ನೇ ಇಸವಿಯಲ್ಲಿ ಇವರೆಲ್ಲರೂ ಡೇನರ ಆಳಿಕೆಯಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆಸಿದರು. ಇಂಗ್ಲಿಷ್ ಕಂಪೆನಿಯವರು ತಮ್ಮ ಸೀಮೆಯಲ್ಲಿ ಮಿಶನೆರಿಗಳನ್ನು ಸಹಿಸುತ್ತಿರಲಿಲ್ಲ. ಏಳು ವರುಷ ಒಬ್ಬ ಬಂಗಾಳಿಯೂ ಕ್ರಿಸ್ತನನ್ನು ಅಂಗೀಕರಿಸಿರಲಿಲ್ಲ. ಆ ವರುಷದ ಡಿಸೆಂಬರ್ 28ರಂದು ಕೃಷ್ಣಪಾಲನೆಂಬ ಬಡಗಿಯು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಮರುವರುಷ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಗಿ ಹೊರಬಂತು. ಕಲ್ಕತ್ತೆಯ ಫೋರ್ಟ್ ವಿಲಿಯಮ್ ಕಾಲೇಜಿನಲ್ಲಿ ಕೇರಿಯವರಿಗೆ ಬಂಗಾಳಿ ಕಲಿಸುವ ಉದ್ಯೋಗವು ದೊರೆಯಿತು. ಸಂಬಳದಲ್ಲಿ ತಮ್ಮ ಖರ್ಚಿಗೆ ಸ್ವಲ್ಪವನ್ನಿಟ್ಟುಕೊಂಡು ಉಳಿದದ್ದನ್ನು ಮಿಶನಿನ ಸಾಮಾನ್ಯ ಬೊಕ್ಕಸಕ್ಕೆ ಹಾಕಿದರು.

ಅವರು ಒಂದು ದಿನವನ್ನು ಹೇಗೆ ಕಳೆಯುತ್ತಿದ್ದರೆಂಬುದನ್ನು 1806ನೇ ಇಸವಿ ಜೂನ್ ತಿಂಗಳ ಒಂದು ಕಾಗದದಿಂದ ತಿಳಿಯಬಹುದು. ಆರು ಗಂಟೆಗೆ ಮುಂಚೆಯೇ ಎದ್ದು ಇಬ್ರಿಯ ಸತ್ಯವೇದದಲ್ಲಿ ಒಂದು ಅಧ್ಯಾಯವನ್ನು ಓದಿ, ಏಳರ ವರೆಗೆ ಏಕಾಂತ ಪ್ರಾರ್ಥನೆ. ಬಳಿಕ ಮನೆಯ ಆಳುಗಳೊಡನೆ ಬಂಗಾಳಿಯಲ್ಲಿ ಆರಾಧನೆ. ಚಹವು ಬರುವಷ್ಟರಲ್ಲಿ ಮುನ್ಷಿಯೊಡನೆ ಪಾರಸೀ ಓದು. ಉಪಾಹಾರವಾದ ಮೇಲೆ ಪಂಡಿತರೊಡನೆ ಸಂಸ್ಕೃತ ರಾಮಾಯಣದ ಭಾಷಾಂತರ. ಹತ್ತರಿಂದ ಮಧ್ಯಾಹ್ನದ ತನಕ ಕಾಲೇಜು. ಹಿಂತಿರುಗಿ ಬಂದು ಬಂಗಾಳಿ ಯೆರೆಮೀಯನ ಅಚ್ಚಿನ ಹಾಳೆಯನ್ನು ತಿದ್ದುವುದು. ಊಟ. ಆಮೇಲೆ ಮತ್ತಾಯನ ಸುವಾರ್ತೆಯನ್ನು ಸಂಸ್ಕೃತಕ್ಕೆ ತರುವುದು, ಸಂಜೆ ತೆಲುಗು ಪಂಡಿತನೊಡನೆ ಪಾಠ, ರಾತ್ರಿ ಪ್ರಸಂಗ, ಜನರು ಹೋದ ಮೇಲೆ ಹನ್ನೊಂದರ ತನಕ ಯೆಹೆಜ್ಕೇಲನ ಭಾಷಾಂತರ. ಕೊನೆಗೆ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದು ಅಧ್ಯಾಯವನ್ನು ಓದಿ ಮಲಗುವುದು. ಇಷ್ಟೊಂದು ಓದಿನ ನಡುವೆ ತಮ್ಮ ಆತ್ಮದ ಆಹಾರಕ್ಕಾಗಿ ಓದಿದ್ದು ಬೆಳಗಿನ ಆ ಒಂದು ಅಧ್ಯಾಯ, ರಾತ್ರಿಯ ಈ ಒಂದು ಅಧ್ಯಾಯ. ಅಷ್ಟನ್ನು ನಮ್ಮಲ್ಲಿ ನೇಗಿಲು ಹಿಡಿಯುವವನೂ ಓದಬಲ್ಲನು.

ಇನ್ನು ನಮ್ಮ ಕನ್ನಡ ಜನರಿಗೆ ಸೇರಿದ ಸಂಗತಿ. 1812ನೇ ಇಸವಿ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿಯವರು ಕಲ್ಕತ್ತೆಯಲ್ಲಿದ್ದರು. ಕಾಗದದ ಕಟ್ಟುಗಳು, ಅನೇಕ ಭಾಷೆಗಳ ಅಚ್ಚುಮೊಳೆಗಳು, ವರುಷಗಟ್ಟಲೆ ಬರೆದಿಟ್ಟ ನಿಘಂಟಿನ ಹಾಳೆಗಳು ಎಲ್ಲಾ ಬೂದಿಯಾದವು. ಅವುಗಳ ಜೊತೆಗೆ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಸುಟ್ಟುಹೋಯಿತು. ಸುದ್ದಿ ಕೇಳಿ ಬಂದ ಅವರು ಹೊಗೆಯಾಡುವ ಗೋಡೆಗಳ ನಡುವೆ ನಡೆದರು. ಮುಂದಿನ ಭಾನುವಾರ 46ನೆಯ ಕೀರ್ತನೆಯ ಮೇಲೆ ಪ್ರಸಂಗ ಮಾಡಿದರು. ಯಂತ್ರಗಳೂ ಅಕ್ಷರದ ಪಡಿಯಚ್ಚುಗಳೂ ಉಳಿದಿದ್ದವು. ಕರಗಿಹೋದ ಸೀಸವನ್ನು ಬೂದಿಯೊಳಗಿಂದ ಆರಿಸಿ ಮತ್ತೆ ಅಕ್ಷರಗಳನ್ನು ಎರಕ ಹೊಯ್ದರು. ಒಮ್ಮೆ ನಡೆದ ದಾರಿಯನ್ನು ಮತ್ತೊಮ್ಮೆ ನಡೆಯುವುದು ಸುಲಭವೆಂದುಕೊಂಡು ಐವತ್ತರ ಪ್ರಾಯದವರಾದ ಕೇರಿಯವರು ಮೊದಲಿನಿಂದ ಬರೆಯತೊಡಗಿದರು. ಐದು ವರುಷದ ಮೇಲೆ, 1817ರಲ್ಲಿ, ಅವರ ಕನ್ನಡ ವ್ಯಾಕರಣವು ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡ ಹೊಸ ಒಡಂಬಡಿಕೆಯೂ ಬಳಿಕ ಹೊರಬಂತು.

ಆ ಭಾಷಾಂತರಗಳಲ್ಲಿ ದೋಷಗಳು ಬಹಳವಿದ್ದವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿರುವ ಸತ್ಯವೇದವು ಅವರದರಿಂದ ಬಂದದ್ದಲ್ಲ. ಬಳ್ಳಾರಿಯ ಹ್ಯಾಂಡ್ಸ್ ದೊರೆಗಳೂ ಅವರ ಜೊತೆಯವರೂ ಮಾಡಿದ ಕೆಲಸವನ್ನು ಬಾಸೆಲ್ ಮಿಶನಿನವರೂ ಇತರರೂ ತಿದ್ದುತ್ತಾ ಬಂದರು. ತಮ್ಮ ಬಂಗಾಳಿ ಭಾಷಾಂತರವನ್ನು ಕೇರಿಯವರೇ ಸಾಯುವ ತನಕ ಮೇಲಿಂದ ಮೇಲೆ ತಿದ್ದಿದರು. ಬರೆದದ್ದು ತಮ್ಮ ಹೆಸರಿಗಾಗಿ ಆಗಿದ್ದರೆ ಅಷ್ಟು ಸಲ ತಿದ್ದುತ್ತಿರಲಿಲ್ಲ. ಆದರೆ ಅವರು 1818ರಲ್ಲಿ ಜೊತೆಯವರೊಡನೆ ಸ್ಥಾಪಿಸಿದ ಶ್ರೀರಾಮಪುರದ ಕಾಲೇಜು ಈಗಲೂ ಇದೆ. ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ದೇವಜ್ಞಾನವನ್ನು ಕಲಿಯುವ ನಮ್ಮ ಬೋಧಕರಿಗೆ ಪದವಿಯು ಬರುವುದು ಶ್ರೀರಾಮಪುರದ ಹೆಸರಿನಲ್ಲಿಯೇ.

1829ನೇ ಇಸವಿ ಡಿಸೆಂಬರ್ ತಿಂಗಳ ಒಂದು ಭಾನುವಾರ, ಸಹಗಮನವನ್ನು ನಿಷೇಧಿಸುವ ಸರಕಾರದ ಆಜ್ಞೆಯು ಬಂಗಾಳಿಗೆ ಭಾಷಾಂತರವಾಗಬೇಕೆಂದು ಅವರ ಕೈಗೆ ಬಂತು. ವಿಧವೆಯರನ್ನು ಸುಡುವುದನ್ನು ನಿಲ್ಲಿಸಬೇಕೆಂದು ಅವರು ಅನೇಕ ವರುಷ ಪ್ರಯಾಸಪಟ್ಟಿದ್ದರು. ಒಂದು ತಾಸು ತಡವಾದರೆ ಇನ್ನೊಬ್ಬ ಹೆಣ್ಣುಮಗಳ ಪ್ರಾಣವು ಹೋದೀತೆಂದು, ಆ ದಿನದ ಪ್ರಸಂಗವನ್ನು ಬೇರೊಬ್ಬರಿಗೆ ಒಪ್ಪಿಸಿ, ಪಂಡಿತನೊಡನೆ ಕೂತು ಸಂಜೆಯೊಳಗೆ ಬರೆದು ಮುಗಿಸಿದರು. ಜೋಡಿನ ಮಣೆಯ ಬಳಿ ಆರಂಭವಾದ ಭಾಷೆಗಳ ಓದು ಆ ಭಾನುವಾರ ಯಾರ ಯಾರ ಪ್ರಾಣವನ್ನು ಉಳಿಸಿತೋ ದೇವರೇ ಬಲ್ಲನು.

ಗವರ್ನರ್ ಜನರಲರ ಮನೆಯ ಔತಣದಲ್ಲಿ ಒಮ್ಮೆ ಒಬ್ಬ ಅಧಿಕಾರಿಯು, ಈ ಕೇರಿಯು ಹಿಂದೆ ಜೋಡು ಮಾಡುವವನಾಗಿದ್ದನಲ್ಲವೇ ಎಂದು ಅವರಿಗೆ ಕೇಳಿಸುವಂತೆ ಪಕ್ಕದವನನ್ನು ವಿಚಾರಿಸಿದನು. ಹೊಸ ಜೋಡು ಮಾಡುವವನಲ್ಲ, ಹಳೆಯದಕ್ಕೆ ತೇಪೆ ಹಾಕುವವನು ಮಾತ್ರ, ಎಂದು ಕೇರಿಯವರೇ ತಿದ್ದಿದರು.

1834ನೇ ಇಸವಿ ಜೂನ್ 9ರ ಮುಂಜಾನೆ, 72ರ ಪ್ರಾಯದಲ್ಲಿ, ಅವರು ಶ್ರೀರಾಮಪುರದಲ್ಲಿ ಕರ್ತನಲ್ಲಿ ನಿದ್ರೆಹೋದರು. ಉಯಿಲಿನಲ್ಲಿ ತಮ್ಮ ಬಳಿಯಿದ್ದ ನಾನಾ ಭಾಷೆಗಳ ಸತ್ಯವೇದಗಳನ್ನು ಕಾಲೇಜಿಗೆ ಬರೆದಿಟ್ಟಿದ್ದರು. ಮಗನಾದ ಜೇಬೆಜನಿಗೆ 1500 ರೂಪಾಯಿ ಸಲ್ಲಬೇಕೆಂದು ಇಚ್ಛೆಯಿತ್ತು. ಆ ಹಣವನ್ನು ಹೊಂದಿಸುವುದಕ್ಕೆ ಮಿಕ್ಕ ಪುಸ್ತಕಗಳನ್ನು ಮಾರಬೇಕೆಂದು ಬರೆದಿದ್ದರು.