ರೇಸ್ ಕಾರಿಗೆ ಎಷ್ಟು ಅಗಲದ ಟೈರ್? ದನದ ಡಾಕ್ಟರ್ ಡನ್‌ಲಪ್ ಕಥೆ ಮತ್ತು ಮೂರು ಫಾರ್ವರ್ಡ್‌ಗಳು

ಭಾನುವಾರ ನಸುಕಿನಲ್ಲಿ ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಹೋದವರಿಗೆ ಗೊತ್ತು, ಟೀ ಅಂಗಡಿ ಮುಂದೆ ಸ್ಪೋರ್ಟ್ಸ್ ಕಾರು ನಿಲ್ಲಿಸಿಕೊಂಡವರ ಮಾತೆಲ್ಲ ಟೈರಿನದೇ. ಇಂಥ ಗುಂಪುಗಳಲ್ಲಿ ಓಡಾಡುವ ಮೂರು ಫಾರ್ವರ್ಡ್‌ಗಳು ನಮಗೂ ಬಂದಿವೆ. ಗಾಳಿ ಟೈರನ್ನು ಮೊದಲು ಕಂಡುಹಿಡಿದು ಕೋಟ್ಯಧಿಪತಿಯಾದವನು ಡನ್‌ಲಪ್ ಎನ್ನುವುದು ಒಂದು. ಟ್ರ್ಯಾಕ್‌ನಲ್ಲಿ ಓಡಿಸುವ ಕಾರಿಗೆ ಚಕ್ರ ದೊಡ್ಡದಾದಷ್ಟೂ, ಟೈರ್ ಅಗಲವಾದಷ್ಟೂ ಒಳ್ಳೆಯದು ಎನ್ನುವುದು ಇನ್ನೊಂದು. ಬೇಸಿಗೆಯಲ್ಲಿ ಟೈರ್ ಸಿಡಿಯದಿರಲು ಗಾಳಿ ಕಡಿಮೆ ಇಡಿ ಎನ್ನುವುದು ಮೂರನೆಯದು. ಮೂರೂ ತಪ್ಪು, ಕೊನೆಯದಂತೂ ಜೀವಕ್ಕೇ ಅಪಾಯ.

ಜಾನ್ ಬಾಯ್ಡ್ ಡನ್‌ಲಪ್ ಎಂಜಿನಿಯರ್ ಅಲ್ಲ, ಪಶುವೈದ್ಯ. 1840ರಲ್ಲಿ ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್‌ನಲ್ಲಿ ಹುಟ್ಟಿ, ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಹೋಗಿ ನೆಲೆಸಿದ. ಕುದುರೆ, ದನಗಳ ಚಿಕಿತ್ಸೆ ಮಾಡುತ್ತಲೇ ವಯಸ್ಸು ನಲವತ್ತೇಳಾಗಿತ್ತು. 1887ರಲ್ಲಿ ಮಗ ಜಾನಿಯ ಮೂರು ಚಕ್ರದ ಸೈಕಲ್ಲು ಕಲ್ಲು ಹಾಸಿದ ಬೀದಿಯಲ್ಲಿ ಗಡಗಡ ಅಲುಗಾಡುವುದನ್ನು ನೋಡಿ ಅವನ ತಲೆ ಓಡಿತು. ಮರದ ಚಕ್ರವೊಂದರ ಸುತ್ತ ರಬ್ಬರ್ ಟ್ಯೂಬ್ ಸುತ್ತಿ, ಬಟ್ಟೆಯಿಂದ ಬಿಗಿದು, ಗಾಳಿ ತುಂಬಿದ. ಆಮೇಲೆ ಅದನ್ನೂ ಮಗನ ಸೈಕಲ್ಲಿನ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿದ. ಸೈಕಲ್ಲಿನದು ಅರ್ಧದಲ್ಲೇ ಬಿತ್ತು. ಗಾಳಿಯದು ಅಂಗಳದ ಆ ಕೊನೆಯವರೆಗೂ ಉರುಳಿ ಗೇಟಿನ ಕಂಬಕ್ಕೆ ಬಡಿಯಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು.

ಹೆಸರು ತಂದುಕೊಟ್ಟದ್ದು ಮಾತ್ರ ರೇಸು. 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲಿ ಹ್ಯೂಮ್ ಎಂಬ ಸವಾರ ಡನ್‌ಲಪ್ ಟೈರ್ ಹಾಕಿಕೊಂಡು ಬಂದ. ಉಳಿದವರದು ಸಣ್ಣ ಗಟ್ಟಿ ರಬ್ಬರ್ ಟೈರ್, ಇವನದು ಊದಿಕೊಂಡ ದಪ್ಪ ಟೈರ್. ನೋಡಿ ನಕ್ಕರು. ಹ್ಯೂಮ್ ಗೆದ್ದ. ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್‌ನ ಮಕ್ಕಳೂ ಇದ್ದರು. ಅಪ್ಪ ತಡಮಾಡದೆ ಟೈರ್ ಕಂಪನಿ ಕಟ್ಟಲು ಹೊರಟ, ಡನ್‌ಲಪ್ ಜೊತೆಯಾದ.

ಎರಡನೇ ಫಾರ್ವರ್ಡ್ ಎಡವುವುದು ಇಲ್ಲೇ. ಹ್ಯೂಮ್ ಗೆದ್ದದ್ದು ಟೈರ್ ದಪ್ಪಗಿದ್ದುದಕ್ಕಲ್ಲ, ಒಳಗೆ ಗಾಳಿ ಇದ್ದುದಕ್ಕೆ. ಭಾರ ಹೊರುವುದು ಬಹುಪಾಲು ಆ ಗಾಳಿಯೇ. ಲೆಕ್ಕ ಹಾಕಿ ನೋಡೋಣ. 1200 ಕಿಲೋ ಕಾರಿನ ಒಂದು ಚಕ್ರದ ಮೇಲೆ ಸುಮಾರು 300 ಕಿಲೋ. ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಹಾಗಾದರೆ ನೆಲಕ್ಕೆ ತಾಗುವ ಜಾಗ ಹತ್ತಿರಹತ್ತಿರ 133 ಚದರ ಸೆಂಟಿಮೀಟರ್, ನಿಮ್ಮ ಅಂಗೈಯಷ್ಟು. ಗಾಳಿ ಅಷ್ಟೇ ಇಟ್ಟು ಟೈರ್ ಅಗಲ ಮಾಡಿದರೆ ಈ ಜಾಗ ಹೆಚ್ಚೇನೂ ದೊಡ್ಡದಾಗುವುದಿಲ್ಲ, ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ, ನಿಜ. ಆದರೆ ಮಳೆನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ನೀರಿನ ಮೇಲೆ ತೇಲುವುದು ಬೇಗ. ಭಾರದ ದೊಡ್ಡ ಅಲಾಯ್ ಹಾಕಿದರೆ ಕಾರು ವೇಗ ಹಿಡಿಯುವುದೂ ನಿಲ್ಲುವುದೂ ನಿಧಾನ. ಅದಕ್ಕೇ ಟ್ರ್ಯಾಕಿಗೆ ಹೋಗುವವರಲ್ಲಿ ಎಷ್ಟೋ ಮಂದಿ ಬ್ರೇಕಿಗೆ ತಾಗದಷ್ಟು ದೊಡ್ಡ, ಆದರೆ ಹಗುರವಾದ ಚಕ್ರ ಹುಡುಕುತ್ತಾರೆ.

ಅಳತೆ ಓದುವುದು ಕಷ್ಟವಲ್ಲ. 195/55 ಆರ್16 ಅಂದರೆ ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 55%, ರಿಮ್ 16 ಇಂಚು. ಒಟ್ಟು ಎತ್ತರ ಸುಮಾರು 621 ಮಿಲಿಮೀಟರ್. 17 ಇಂಚಿಗೆ ಹೋಗುವುದಾದರೆ 205/45 ಹಾಕಿದಾಗ ಎತ್ತರ 616, ಸರಿಹೊಂದುತ್ತದೆ. 205/50 ಹಾಕಿದರೆ 637. ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಟೈರ್ ಮಡ್‌ಗಾರ್ಡ್‌ಗೆ ಉಜ್ಜಲೂಬಹುದು. ರಿಮ್ಮಿನ ಅಗಲ ಆ ಟೈರಿಗೆ ಹೊಂದಬೇಕು, ಟೈರ್ ಹೊರಬಲ್ಲ ಭಾರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಮೂರನೇ ಫಾರ್ವರ್ಡಿನ ಮೂಲವೂ ಟ್ರ್ಯಾಕೇ ಇರಬಹುದು. ಅಲ್ಲಿ ಕೆಲವೇ ಸುತ್ತಿನಲ್ಲಿ ಟೈರ್ ಕಾದು ಗಾಳಿಯ ಒತ್ತಡ ಏರುವುದರಿಂದ ಮೊದಲೇ ಸ್ವಲ್ಪ ಇಳಿಸಿಕೊಳ್ಳುತ್ತಾರೆ, ಸುತ್ತು ಮುಗಿದ ಮೇಲೆ ಮತ್ತೆ ಅಳೆಯುತ್ತಾರೆ. ನೆಲಮಂಗಲದ ಹೆದ್ದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರ ಲೆಕ್ಕ ಬೇರೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಹೆಚ್ಚು ಕಾಯುತ್ತದೆ. ಸಿಡಿಯುವುದು ಹಾಗೆಯೇ. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿ.

ಇನ್ನು ಡನ್‌ಲಪ್‌ನ ಕೋಟಿಗಳ ವಿಷಯ. ಪೇಟೆಂಟ್ ಬಂದು ಎರಡು ವರ್ಷವಾಗುವಷ್ಟರಲ್ಲಿ ಅದು ಊರ್ಜಿತವಲ್ಲ ಎಂದು ಗೊತ್ತಾಯಿತು. ಸ್ಕಾಟ್ಲೆಂಡಿನವನೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದ. ಆಗ ಡನ್‌ಲಪ್‌ಗೆ ಐದು ವರ್ಷ! ಥಾಮ್ಸನ್ ತನ್ನ ಟೈರನ್ನು ಕುದುರೆಗಾಡಿಗೆ ಹಾಕಿ ತೋರಿಸಿದ್ದರೂ ಕೊಳ್ಳುವವರಿರಲಿಲ್ಲ. ಕಂಪನಿ ಬೇರೆ ಪೇಟೆಂಟುಗಳನ್ನು ಕೊಂಡು ಉಳಿಯಿತು. ಡನ್‌ಲಪ್ 1895ರಲ್ಲಿ ಹೊರಬಂದ. ಮರುವರ್ಷವೇ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ದೊಡ್ಡ ಲಾಭ ಅವನ ಕೈಗೆ ಬರಲಿಲ್ಲ, ಹೆಸರು ಮಾತ್ರ ಟೈರಿನ ಮೇಲೆ ಉಳಿಯಿತು. ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲು ಇಟ್ಟುಕೊಂಡಿದ್ದ ಆತ 1921ರ ಅಕ್ಟೋಬರ್ 23ರಂದು ತೀರಿಕೊಂಡ. ಬಂಗಾಳದ ಸಾಹಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾದದ್ದು ಅದಾಗಿ 15 ವರ್ಷಕ್ಕೆ, 1936ರಲ್ಲಿ.