ಜಮ್‌ಷೆಡ್‌ಜಿ ಟಾಟಾ

ಜಮ್‌ಷೆಡ್‌ಜಿ ನಸರ್ವಾನ್‌ಜಿ ಟಾಟಾ (ಮಾರ್ಚ್ 3, 1839 – ಮೇ 19, 1904) ಭಾರತದ ಆಧುನಿಕ ಕೈಗಾರಿಕೆಗೆ ತಳಹದಿ ಹಾಕಿದ ಪಾರ್ಸಿ ಉದ್ಯಮಿ. ಇವರು ಗುಜರಾತಿನ ನವಸಾರಿಯಲ್ಲಿ ಜನಿಸಿದರು.

1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಬಟ್ಟೆ ಗಿರಣಿಯನ್ನು ಆರಂಭಿಸಿದರು. ಅಲ್ಲಿ ಆಗ ಹೊಸದಾಗಿದ್ದ ರಿಂಗ್ ನೂಲುವ ಯಂತ್ರಗಳನ್ನು ಅಳವಡಿಸಿದ್ದಲ್ಲದೆ, ಕಾರ್ಮಿಕರಿಗೆ ಪಿಂಚಣಿ ನಿಧಿಯನ್ನೂ ಅಪಘಾತ ಪರಿಹಾರವನ್ನೂ ಏರ್ಪಡಿಸಿದರು.

ಉಕ್ಕು, ಜಲವಿದ್ಯುತ್ ಹಾಗೂ ವಿಜ್ಞಾನ ಸಂಶೋಧನೆಗೆ ಯೋಜನೆಗಳನ್ನು ರೂಪಿಸಿದರು. ಸಂಶೋಧನಾ ಸಂಸ್ಥೆಗಾಗಿ ಸ್ವಂತ ಆಸ್ತಿಯ ದೊಡ್ಡ ಪಾಲನ್ನು ನೀಡಲು ಮುಂದಾದರೂ ಬ್ರಿಟಿಷ್ ಸರ್ಕಾರದ ಅನುಮೋದನೆ ವಿಳಂಬವಾಯಿತು. ಜರ್ಮನಿಯಲ್ಲಿ ನಿಧನರಾದಾಗ ಈ ಮೂರರಲ್ಲಿ ಒಂದೂ ಕೈಗೂಡಿರಲಿಲ್ಲ.

ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಈ ಕಾರ್ಯಗಳನ್ನು ಮುಂದುವರಿಸಿದರು. ಮೈಸೂರು ಸಂಸ್ಥಾನವು ನೀಡಿದ ಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಇಂದಿನ ಜಮ್‌ಷೆಡ್‌ಪುರದಲ್ಲಿ 1912ರಲ್ಲಿ ಉಕ್ಕಿನ ಉತ್ಪಾದನೆ ಆರಂಭವಾಯಿತು. ಪಶ್ಚಿಮ ಘಟ್ಟದ ಮಳೆನೀರಿನಿಂದ ಉತ್ಪಾದಿಸಿದ ವಿದ್ಯುತ್ 1915ರಲ್ಲಿ ಮುಂಬಯಿಯ ಗಿರಣಿಗಳನ್ನು ತಲುಪಿ, ಅವುಗಳ ಕಲ್ಲಿದ್ದಲ ಅವಲಂಬನೆಯನ್ನು ತಗ್ಗಿಸಿತು.